ಪಟ್ಟಿಯ ಹೊರಗಿನ ಅರವತ್ತು ಜೋಡಿ

ಫೆಬ್ರವರಿ ೩, ಸೋಮವಾರ

ಇಂದಿನಿಂದ ಗೋಡೌನಿನಲ್ಲಿ ರಿಜಿಸ್ಟರು ಬರೆಯುವಂತಿಲ್ಲ. ಕಪಾಟಿನಲ್ಲಿ ಕೈ ಹಚ್ಚದ ಏಳು ರವಾನೆ ರಿಜಿಸ್ಟರುಗಳಿದ್ದವು, ರದ್ದಿಗೆ ಹಾಕಿ ಎಂದರು ಸಾಹೇಬರು. ಒಂದನ್ನು ಚೀಲಕ್ಕೆ ತುರುಕಿಕೊಂಡು ಬಂದೆ. ಹತ್ತೊಂಬತ್ತು ವರ್ಷ ದಿನವೂ ಸಂಜೆ ಐದಕ್ಕೆ ಬರೆದ ಕೈ. ಬರೆಯದೆ ಹೊರಟರೆ ಏನೋ ಮರೆತು ಬಂದ ಹಾಗಾಗುತ್ತದೆ. ‘ವಾಹನ ಸಂಖ್ಯೆ’, ‘ಪಡೆದವರ ಸಹಿ’ ಎಂಬ ಕಾಲಂಗಳ ಮೇಲೆಯೇ ಅಡ್ಡಡ್ಡ ಬರೆಯುತ್ತಿದ್ದೇನೆ. ಓದುವವರು ಯಾರೂ ಇಲ್ಲ.

ಹೊಸ ಸಿಸ್ಟಮ್ ಬಂದಿದೆ. ಡಯಾಲಿಸಿಸ್ ದ್ರಾವಣ ತಯಾರಿಸುವ ಕಾರ್ಖಾನೆ, ಅದನ್ನು ತರಿಸಿ ಹಂಚುವ ನಮ್ಮ ಗೋಡೌನು, ನಾವು ಕಳಿಸಿಕೊಡುವ ಐದು ಆಸ್ಪತ್ರೆಗಳು, ಎಲ್ಲರಿಗೂ ಒಂದೇ ಸ್ಕ್ರೀನು. ಯಾರ ಹತ್ತಿರ ಎಷ್ಟು ಮಾಲು ಇದೆ ಎಂದು ಯಾರು ಬೇಕಾದರೂ ನೋಡಬಹುದು. ಆಸ್ಪತ್ರೆಯ ಸ್ಟಾಕು ಇಂತಿಷ್ಟಕ್ಕಿಂತ ಇಳಿದರೆ ಸಿಸ್ಟಮ್ಮೇ ಬೇಡಿಕೆಯ ಇಂಡೆಂಟು ಹಾಕುತ್ತದೆ, ಇಷ್ಟು ಲೋಡು ಮಾಡು ಎಂದು ನಮಗೂ ಅದೇ ಹೇಳುತ್ತದೆ. ತರಬೇತಿಗೆ ಬಂದಿದ್ದ ಹೆಂಗಸು, “ಇನ್ಮೇಲೆ ಫೋನ್ ಮಾಡಿ ಕೇಳೋ ಕಷ್ಟನೇ ಇಲ್ಲ ಮೇಡಂ,” ಎಂದು ನಕ್ಕಳು. ಸಾಹೇಬರು ಅದನ್ನೇ ಬೇರೆ ದನಿಯಲ್ಲಿ ಹೇಳಿದರು: “ಫೋನಲ್ಲಿ ಸ್ಟಾಕ್ ಮಾತಾಡಿದ್ದು ಗೊತ್ತಾದ್ರೆ ಮೆಮೊ ಕೊಡ್ತೀನಿ.” ಅರ್ಥವಾಯಿತಾ ಎಂದು ಕೇಳಿದಾಗ ಎಲ್ಲ ಅರ್ಥವಾಯಿತು ಎಂದೆ. ಅರ್ಧವೂ ಆಗಿರಲಿಲ್ಲ.

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ, “ಕಣ್ಣಾಸ್ಪತ್ರೆಯವರು ಏನಾದ್ರೂ ಹೇಳಿದ್ರೇನೇ?” ಎಂದರು. ಪೊರೆ ತೆಗೆಯಲು ಹದಿನಾಲ್ಕಕ್ಕೆ ಬನ್ನಿ ಎಂದಿದ್ದರು. ಹದಿನಾಲ್ಕಕ್ಕೇ ಗೋಡೌನಿನಲ್ಲಿ ಎಲ್ಲ ಸಿಸ್ಟಮ್ಮಿಗೆ ಬದಲಾಗುವುದು, ರಜೆ ಸಿಗುವುದಿಲ್ಲ. ಹೋದ ವಾರ ನಾನೇ ಫೋನ್ ಮಾಡಿ ಮುಂದಕ್ಕೆ ಹಾಕಿಸಿದ್ದೆ. “ಡಾಕ್ಟ್ರು ರಜದಲ್ಲಿದ್ದಾರಂತೆ ಅತ್ತೆ, ಮುಂದಿನ ತಿಂಗಳಂತೆ,” ಎಂದೆ. ಬಾಯಿಗೆ ಬಂತು, ಹೇಳಿದೆ. ಗಂಡನಿಗೂ ಅದನ್ನೇ ಹೇಳಿದೆ. ಯಾಕೆ ತಡ ಎಂದು ಇವರು ಕೇಳಿದ್ದಕ್ಕೆ ಬಸ್ಸು ಸಿಗಲಿಲ್ಲ ಎಂದೆ. ಬಸ್ಸು ಸಿಕ್ಕಿತ್ತು. ಸ್ಟಾಪಿನ ಬೆಂಚಿನ ಮೇಲೆ ಸುಮ್ಮನೆ ಕೂತು ಎರಡು ಬಸ್ಸು ಬಿಟ್ಟಿದ್ದೆ.

ಫೆಬ್ರವರಿ ೫, ಬುಧವಾರ

ಸಿಸ್ಟಮ್ಮಿಗೆ ತುಂಬಲು ಮೊದಲ ಎಣಿಕೆ. ಒಬ್ಬರ ರಕ್ತವನ್ನು ಯಂತ್ರದಲ್ಲಿ ಒಂದು ಸಲ ತೊಳೆಯಲು ಎರಡು ಕ್ಯಾನು ಬೇಕು, ಕೆಂಪು ಮುಚ್ಚಳದ್ದೊಂದು, ನೀಲಿ ಮುಚ್ಚಳದ್ದೊಂದು. ಹಾಗಾಗಿ ನಮ್ಮ ಲೆಕ್ಕವೆಲ್ಲ ಜೋಡಿಯಲ್ಲಿ. ಬೆಳಗ್ಗೆಯಿಂದ ಬಗ್ಗಿ ಎದ್ದು ಎಣಿಸಿ ಸೊಂಟ ಕೈಕೊಟ್ಟಿತು. ಒಟ್ಟು ನಾನೂರ ಹನ್ನೆರಡು ಜೋಡಿ.

ಮುನ್ನೂರ ಐವತ್ತೆರಡು ಎಂದು ಟೈಪು ಮಾಡಿದೆ.

ಉಳಿದ ಅರವತ್ತು ಕೊನೆಯ ಸಾಲಿನಲ್ಲಿ, ಖಾಲಿ ಹಲಗೆಗಳ ಹಿಂದೆ ಇವೆ. ಕಾರ್ಖಾನೆಯವರು ತಪ್ಪಿ ಹೆಚ್ಚು ಕಳಿಸಿದ್ದು, ಪೆಟ್ಟಿಗೆ ಜಜ್ಜಿದೆ ಎಂದು ಕೈಬಿಟ್ಟಿದ್ದರಲ್ಲಿ ಕ್ಯಾನು ಸೋರದೆ ಉಳಿದಿದ್ದು, ಹೀಗೆ ಹನ್ನೆರಡು ವರ್ಷದಲ್ಲಿ ಕೂಡಿದ್ದು. ತಿಂಗಳಿಗೊಮ್ಮೆ ಹಳೆಯ ಬ್ಯಾಚು ತೆಗೆದು ಮುಂದಿಡುತ್ತೇನೆ, ಹೊಸದನ್ನು ಹಿಂದಕ್ಕೆ ಸರಿಸುತ್ತೇನೆ. ಒಂದೂ ಅವಧಿ ಮೀರಿಲ್ಲ. ಲೋಡಿನವರಿಗೆ ಗೊತ್ತು, ಕೇಳುವುದಿಲ್ಲ. ಸಾಹೇಬರಿಗೆ ಗೊತ್ತಿಲ್ಲ. ಒಂದು ಕ್ಯಾನನ್ನೂ ನಾನು ಮನೆಗೆ ತಂದಿಲ್ಲ, ಮಾರಿಲ್ಲ. ಗೋಡೌನು ನೋಡಿಕೊಳ್ಳುವವಳಿಗೆ ಕೈಯಲ್ಲಿ ಒಂದಿಷ್ಟು ಇರಬೇಕು, ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ. ಅಷ್ಟೇ.

ಫೆಬ್ರವರಿ ೭, ಶುಕ್ರವಾರ

ಇಂದು ಬೇರೆಯವರ ಸ್ಟಾಕು ನೋಡಿದೆ. ಕಂಡವರ ಅಡುಗೆಮನೆ ಡಬ್ಬಿಯ ಮುಚ್ಚಳ ತೆಗೆದು ನೋಡಿದ ಹಾಗಿತ್ತು.

ಐದರಲ್ಲಿ ಒಂದು ಸಣ್ಣ ಆಸ್ಪತ್ರೆ, ಆರು ಯಂತ್ರ, ದಿನಕ್ಕೆ ಹನ್ನೆರಡು ಜೋಡಿ. ಅಲ್ಲಿಯ ಸ್ಟೋರು ನೋಡಿಕೊಳ್ಳುವ ಅಕ್ಕನನ್ನು ನಾನು ಕಂಡಿಲ್ಲ. ಒಂಬತ್ತು ವರ್ಷದಿಂದ ವಾರಕ್ಕೆ ಮೂರು ಸಲ ಫೋನಿನಲ್ಲಿ ಮಾತು. ನಾನು ಅವರಿಗೆ ಅಕ್ಕ ಎನ್ನುತ್ತೇನೆ, ಅವರೂ ನನಗೆ ಅಕ್ಕ ಎನ್ನುತ್ತಾರೆ. ದಪ್ಪ ದನಿ, ಸ್ವಲ್ಪ ಗೊಗ್ಗರು. ಅರವತ್ತರ ಹತ್ತಿರದ, ಯಾರಿಗೂ ಸೊಪ್ಪು ಹಾಕದ ಗಟ್ಟಿ ಹೆಂಗಸು ಎಂದು ನನ್ನ ಲೆಕ್ಕ. ಹೋದ ಶನಿವಾರ ತಾನೇ, “ಅಕ್ಕಾ, ಎರಡು ದಿನದ್ದೂ ಇಲ್ಲ, ನಿಮ್ಮ ಕಾಲಿಗೆ ಬೀಳ್ತೀನಿ, ಹೇಗಾದ್ರೂ ಮಾಡಿ ಕಳ್ಸಿ,” ಎಂದು ಅಂಗಲಾಚಿದ್ದರು. ಪಾಪ ಎಂದು ಬೇರೆಯವರದ್ದು ತಡೆದು ಮೂವತ್ತು ಜೋಡಿ ಕಳಿಸಿದ್ದೆ.

ಸ್ಕ್ರೀನಿನಲ್ಲಿ ಅಕ್ಕನ ಸ್ಟಾಕು ನೂರ ಅರವತ್ತಮೂರು. ಹದಿಮೂರು ದಿನಕ್ಕೆ ಧಾರಾಳ!

ಮಧ್ಯಾಹ್ನ ಊಟ ಸೇರಲಿಲ್ಲ.

ಫೆಬ್ರವರಿ ೧೧, ಮಂಗಳವಾರ

ಮೂರು ವರ್ಷದ ಹಳೆಯ ಲೆಕ್ಕವನ್ನೂ ಎಲ್ಲರದ್ದೂ ತುಂಬಿದ್ದಾರೆ. ದಿನಾಂಕ ಒತ್ತಿದರೆ ಆ ದಿನ ಯಾರ ಹತ್ತಿರ ಎಷ್ಟಿತ್ತು ಎಂದು ಪಕ್ಕಪಕ್ಕದಲ್ಲೇ ಬರುತ್ತದೆ. ನನ್ನ ಹಳೆಯ ರಿಜಿಸ್ಟರಿನಲ್ಲಿ ಅಕ್ಕನ ಫೋನು ಬಂದ ದಿನಗಳ ಗುರುತಿದೆ, ಮಾರ್ಜಿನಿನಲ್ಲಿ ಪೆನ್ಸಿಲಿನಿಂದ ‘ಅ.’ ಎಂದು. ಊಟದ ಹೊತ್ತಿನಲ್ಲಿ ಕೂತು ಒಂದೊಂದೇ ತಾಳೆ ನೋಡುತ್ತಿದ್ದೇನೆ. ಖಾಲಿ ಎಂದು ಗೋಳಾಡಿದ ದಿನ ಎಂಬತ್ತು ಇತ್ತು. ನಾಳೆಗೇ ಇಲ್ಲ ಎಂದ ದಿನ ನೂರ ಹತ್ತು. ಇವತ್ತಿಗೆ ಹನ್ನೊಂದು ಸುಳ್ಳು ಸಿಕ್ಕಿವೆ. ಪಟ್ಟಿ ಮಾಡಿದ್ದೇನೆ. ತುಂಬಿದ ಮೇಲೆ ಸಾಹೇಬರ ಮೇಜಿನ ಮೇಲಿಡುತ್ತೇನೆ.

ಒಂಬತ್ತು ವರ್ಷ ನನ್ನನ್ನು ಪೆದ್ದು ಮಾಡಿದ್ದಾರೆ.

ಸಂಜೆ ಇವರು ಯಾಕೆ ಮುಖ ಊದಿಸಿಕೊಂಡಿದ್ದೀಯ ಎಂದರು. ತಲೆನೋವು ಎಂದೆ.

ಫೆಬ್ರವರಿ ೧೪, ಶುಕ್ರವಾರ

ಸಿಸ್ಟಮ್ ಪೂರ್ತಿ ಶುರುವಾಯಿತು. ಸಾಹೇಬರು ಎಲ್ಲರಿಗೂ ಚಹಾ ತರಿಸಿದರು. ಮಧ್ಯಾಹ್ನದ ಹೊತ್ತಿಗೆ ಮೂರು ಲೋಡು ತಾನಾಗಿಯೇ ಬಂದವು, ನಾನು ಬರೀ ಬಟನ್ ಒತ್ತಿದೆ.

ಹನ್ನೆರಡನೆಯ ಸುಳ್ಳು ಹುಡುಕುತ್ತಿದ್ದೆ. ಎರಡು ವರ್ಷದ ಹಿಂದಿನ ಮೇ ತಿಂಗಳು. ರಿಜಿಸ್ಟರಿನಲ್ಲಿ ಒಂದೇ ವಾರದಲ್ಲಿ ನಾಲ್ಕು ‘ಅ.’ ಇದ್ದವು. ಇದು ದೊಡ್ಡದೇ ಇರಬೇಕು ಎಂದು ದಿನಾಂಕ ಒತ್ತಿದೆ.

ಗುರುವಾರ, ಅಕ್ಕನ ಆಸ್ಪತ್ರೆ: ಸೊನ್ನೆ. ಶುಕ್ರವಾರ ಸೊನ್ನೆ. ಶನಿವಾರ ಸೊನ್ನೆ.

ಪಕ್ಕದ ಕಾಲಂ ನಮ್ಮದು. ಮೂರೂ ದಿನ ಎಂಬತ್ತನಾಲ್ಕು. ದೊಡ್ಡಾಸ್ಪತ್ರೆಗೆಂದು ಎತ್ತಿಟ್ಟಿದ್ದೆ, ಅವರು ಕೇಳಿರಲೂ ಇಲ್ಲ. ಅದರ ಮೇಲೆ ಹಲಗೆಯ ಹಿಂದಿನದು ಬೇರೆ.

ಆ ಫೋನು ನೆನಪಿದೆ. “ಅಕ್ಕಾ, ಈ ಸಲ ನಿಜವಾಗ್ಲೂ ಇಲ್ಲ.” ನಾನು ನಕ್ಕು, “ಹೋದ ಸಲಾನೂ ನಿಜವಾಗ್ಲೂ ಇರ್ಲಿಲ್ಲ ಅಲ್ವಾ?” ಎಂದಿದ್ದೆ. ಆಮೇಲೆ, “ನಮ್ಮಲ್ಲೂ ಇಲ್ಲ ಅಕ್ಕ, ಸೋಮವಾರ ಲೋಡು ಬರುತ್ತೆ,” ಎಂದೆ. ಸೋಮವಾರ ಕಳಿಸಿದೆ ಕೂಡ.

ಸ್ಕ್ರೀನು ಮುಚ್ಚಿದೆ. ನಾನು ಕಂಡದ್ದನ್ನು ಅಕ್ಕನೂ ಕಾಣಬಹುದು. ಅಲ್ಲಿಯೂ ಅದೇ ಸ್ಕ್ರೀನು.

ಪಟ್ಟಿಯನ್ನು ಹರಿದು ಬಚ್ಚಲಿಗೆ ಹಾಕಿದೆ.

ಫೆಬ್ರವರಿ ೧೭, ಸೋಮವಾರ

ಅಕ್ಕನ ಫೋನಿಲ್ಲ. ನಿಯಮಕ್ಕೆ ಹೆದರಿಯೋ, ನೋಡಿಬಿಟ್ಟರೋ.

ಫೆಬ್ರವರಿ ೧೯, ಬುಧವಾರ

ಫೋನಿಲ್ಲ. ಸುಸ್ತು.

ಫೆಬ್ರವರಿ ೨೦, ಗುರುವಾರ

ಕಾರ್ಖಾನೆಯ ಲಾರಿ ಓಡಿಸುವ ಮೀಸೆಯವನು ಖಾಲಿ ಲಾರಿ ತಂದ. ಹದಿನೈದು ವರ್ಷದಲ್ಲಿ ಇವನು ಖಾಲಿ ಬಂದದ್ದು ಇದೇ ಮೊದಲು. ಹಳೆಯ ಹಲಗೆ ಒಯ್ಯಲು ಬಂದಿದ್ದೇನೆ ಎಂದ.

“ಮಾಲು ಎಲ್ಲಿ?” ಎಂದೆ.

“ಅಂಗಳದಲ್ಲೇ ಬಿದ್ದಿದೆ ಮೇಡಂ. ಸುತ್ತ ಕೆಂಪು ಟೇಪು ಸುತ್ತಿದ್ದಾರೆ. ಮೂರು ದಿನದಿಂದ ಒಂದು ಕ್ಯಾನೂ ಹೊರಗೆ ಬಿಟ್ಟಿಲ್ಲ. ಏನೋ ನೀರಿನ ಪರೀಕ್ಷೆ ಸರಿ ಬಂದಿಲ್ವಂತೆ, ಇನ್ನೊಂದ್ಸಲ ಮಾಡ್ತಾರಂತೆ. ವಾರ ಹತ್ತು ದಿನ ಅಂತಾರೆ.”

ಸ್ಕ್ರೀನಿನಲ್ಲಿ ಕಾರ್ಖಾನೆಯ ಸ್ಟಾಕು ಒಂಬೈನೂರು, ಎದುರಿಗೆ ಹಸಿರು ಬಣ್ಣದಲ್ಲಿ ‘ಲಭ್ಯ’. ಕೆಂಪು ಟೇಪು ಸಿಸ್ಟಮ್ಮಿಗೆ ಹೇಗೆ ಕಾಣಬೇಕು?

ಸಾಹೇಬರ ಹತ್ತಿರ ಹೋದೆ. ಕನ್ನಡಕ ಹಣೆಗೇರಿಸಿ ಸ್ಕ್ರೀನು ತೋರಿಸಿದರು. “ಇಲ್ಲಿ ಲಭ್ಯ ಅಂತ ಇದೆಯಲ್ಲಮ್ಮ. ಲಾರಿ ಡ್ರೈವರ್ ಮಾತು ಕೇಳೋಕಾ ನಾವು ಇಷ್ಟೆಲ್ಲ ಮಾಡಿದ್ದು?” ಕಾರ್ಖಾನೆಗೆ ಫೋನ್ ಮಾಡಿ ಅಂದೆ. ಮಾಡಿದರು. ‘ಪ್ರಕ್ರಿಯೆಯಲ್ಲಿದೆ’ ಎಂದರಂತೆ. “ನೋಡಿದ್ಯಾ?” ಎಂದರು, ಗೆದ್ದವರ ಹಾಗೆ.

ಫೆಬ್ರವರಿ ೨೧, ಶುಕ್ರವಾರ

ಇವತ್ತು ಬರೆಯುವುದು ಬಹಳವಿದೆ.

ಬೆಳಗ್ಗೆ ಎಂಟಕ್ಕೆ ಸಿಸ್ಟಮ್ ಹೇಳಿತು: ದೊಡ್ಡಾಸ್ಪತ್ರೆಗೆ ನೂರ ನಲವತ್ತು ಜೋಡಿ ಲೋಡು ಮಾಡು. ನಮ್ಮಲ್ಲಿ ಪಟ್ಟಿಯ ಪ್ರಕಾರ ಇದ್ದದ್ದೇ ನೂರ ತೊಂಬತ್ತು. ದೊಡ್ಡಾಸ್ಪತ್ರೆಯ ಕನಿಷ್ಠ ಮಟ್ಟ ಮುನ್ನೂರು ಎಂದು ಬರೆಸಿಕೊಂಡಿದ್ದಾರೆ, ಒಂದು ಕಮ್ಮಿಯಾದರೂ ಸಿಸ್ಟಮ್ ತುಂಬಿಸಲು ಓಡುತ್ತದೆ. ಅಕ್ಕನ ಆಸ್ಪತ್ರೆಗೆ ಕನಿಷ್ಠ ಹದಿನೆಂಟು. ಅಲ್ಲಿ ಇವತ್ತಿಗೆ ಉಳಿದಿದ್ದು ಹತ್ತೊಂಬತ್ತು. ಹತ್ತೊಂಬತ್ತು ಹದಿನೆಂಟಕ್ಕಿಂತ ಜಾಸ್ತಿ, ಆದ್ದರಿಂದ ಹಸಿರು. ಎಲ್ಲ ಸರಿ ಇದೆ.

ಆ ಲೋಡು ಹೋದರೆ ಸೋಮವಾರ ಅಕ್ಕನಿಗೆ ಕೊಡಲು ನನ್ನ ಹತ್ತಿರ ಏನಿರುತ್ತದೆ? ಉಳಿದ ಮೂವರಿಗೆ?

ಅಂಗಳದ ನಲ್ಲಿಯ ಹತ್ತಿರ ಹೋಗಿ ಫೋನ್ ಮಾಡಿದೆ. ಬಹಳ ಹೊತ್ತು ರಿಂಗಾಯಿತು.

“ಹೇಳಿ,” ಎಂದರು. ಅಕ್ಕಾ ಎನ್ನಲಿಲ್ಲ.

“ಕಾರ್ಖಾನೆಯಿಂದ ಮಾಲು ಬರಲ್ಲ. ಹತ್ತು ದಿನ ಆದ್ರೂ ಆಗಬಹುದು.”

“ಸ್ಕ್ರೀನಲ್ಲಿ ಒಂಬೈನೂರಿದೆ.”

“ಸ್ಕ್ರೀನ್ ಬಿಡಿ. ಟೇಪು ಸುತ್ತಿಟ್ಟಿದ್ದಾರೆ. ಲಾರಿಯವನು ಕಣ್ಣಾರೆ ನೋಡಿದ್ದಾನೆ.”

ಆ ಕಡೆ ಯಾವುದೋ ತಳ್ಳುಗಾಡಿಯ ಸದ್ದು ಹಾದುಹೋಯಿತು. “ನಿಮ್ಮಲ್ಲಿ ನೂರ ತೊಂಬತ್ತು ಅಂತ ತೋರಿಸ್ತಿದೆ. ಅಷ್ಟಿದೆಯಾ?” ಎಂದರು. ಆ ದನಿಯಲ್ಲಿ ನಂಬಿಕೆಯ ಚೂರೂ ಇರಲಿಲ್ಲ.

“ಇನ್ನೂರ ಐವತ್ತಿದೆ,” ಎಂದೆ. “ಅರವತ್ತು ಪಟ್ಟಿಯಲ್ಲಿಲ್ಲ. ನಾನು ಹಿಂದೆ ಇಟ್ಟಿದ್ದೀನಿ. ಹನ್ನೆರಡು ವರ್ಷದಿಂದ ಇದೆ.”

ಫೋನು ಕಟ್ಟಾಯಿತೇನೋ ಎಂದುಕೊಂಡೆ.

“ಅಕ್ಕಾ, ನಿಮ್ಮಲ್ಲಿ ನಿಜವಾಗಿ ಎಷ್ಟಿದೆ?” ಎಂದು ನಾನೇ ಕೇಳಿದೆ.

“ಹತ್ತೊಂಬತ್ತು.”

“ನಿಜವಾಗಿ?”

“...ಬಟ್ಟೆ ಒಗೆಯೋ ರೂಮಲ್ಲಿ ಇನ್ನೊಂದು ಎಂಟಿದೆ.”

ನನಗೆ ನಗು ಬಂತು. ಅವರಿಗೂ ಬಂದಿರಬೇಕು, ಮೂಗಿನಿಂದ ಏನೋ ಸದ್ದಾಯಿತು. ಆದರೆ ಇಬ್ಬರೂ ನಗಲಿಲ್ಲ.

ಆಮೇಲೆ ದೊಡ್ಡಾಸ್ಪತ್ರೆಯ ಸ್ಟೋರಿನವರಿಗೆ ಮಾಡಿದೆ. ಏನು ಕೇಳಿದರೂ ಮೊದಲು “ಆಗಲ್ಲ” ಎನ್ನುವುದರಿಂದ ಅವರನ್ನು ನಾವು ಆಗಲ್ಲಪ್ಪ ಎನ್ನುತ್ತೇವೆ, ಬೆನ್ನ ಹಿಂದೆ. ಇದ್ದದ್ದು ಇದ್ದ ಹಾಗೆ ಹೇಳಿದೆ. ನನ್ನ ಅರವತ್ತರ ವಿಷಯವನ್ನೂ ಹೇಳಿದೆ. ನೂರ ನಲವತ್ತು ನಿಮಗೆ ಈಗ ಬೇಕೇಬೇಕಾ ಎಂದು ಕೇಳಿದೆ.

“ಆಗಲ್ಲ ಅಂದ್ರೆ?” ಎಂದರು. ಆಗಲ್ಲ ಎಂಬ ಮಾತು ಅವರ ಬಾಯಿಂದ ಪ್ರಶ್ನೆಯಾಗಿ ಬಂದದ್ದು ಇದೇ ಮೊದಲು.

“ಸಣ್ಣಾಸ್ಪತ್ರೆಗಳಲ್ಲಿ ಮಂಗಳವಾರದಿಂದ ಜನಾನ ವಾಪಸ್ ಕಳಿಸಬೇಕಾಗುತ್ತೆ.”

ಕೆಮ್ಮಿದರು. “ನಮ್ಮ ಹಳೇ ಎಕ್ಸ್‌ರೇ ರೂಮಲ್ಲಿ ಒಂದಿಷ್ಟು ಇದೆ. ಇನ್ನೂರು, ಇನ್ನೂರ ಇಪ್ಪತ್ತು. ಯಾರಿಗೂ ಹೇಳ್ಬೇಡಿ.” ಸ್ವಲ್ಪ ತಡೆದು, “ಇಂಡೆಂಟು ನಾನೇ ರದ್ದು ಮಾಡ್ತೀನಿ ಬಿಡಿ,” ಎಂದರು. ಅರ್ಧ ತಾಸಿನಲ್ಲಿ ಸ್ಕ್ರೀನಿನಿಂದ ಆ ನೂರ ನಲವತ್ತು ಮಾಯವಾಯಿತು.

ಎಲ್ಲರೂ ಒಬ್ಬರಿಗೊಬ್ಬರು ಹೆದರಿ ಮೂಲೆಮೂಲೆಯಲ್ಲಿ ಕ್ಯಾನು ಬಚ್ಚಿಟ್ಟುಕೊಂಡು ಕೂತಿದ್ದೆವು.

ಮಧ್ಯಾಹ್ನ ಅರವತ್ತನ್ನೂ ಸಿಸ್ಟಮ್ಮಿಗೆ ಸೇರಿಸಿದೆ. ಕಾರಣ ಆರಿಸು ಎಂದು ಕೇಳಿತು. ‘ಹಾನಿ’, ‘ಎಣಿಕೆ ತಪ್ಪು’, ‘ವಾಪಸಾತಿ’, ‘ಇತರೆ’. ‘ಬಚ್ಚಿಟ್ಟದ್ದು’ ಎಂಬ ಕಾರಣವನ್ನು ಯಾರೂ ಹಾಕಿರಲಿಲ್ಲ. ‘ಇತರೆ’ ಒತ್ತಿ, ‘ಗೋಡೌನ್ ಮೇಲ್ವಿಚಾರಕಿಯಾದ ನಾನು ಪಟ್ಟಿಯ ಹೊರಗೆ ಇಟ್ಟುಕೊಂಡದ್ದು’ ಎಂದು ಬರೆದೆ. ಎರಡು ಸಲ ತಪ್ಪಾಯಿತು, ಅಳಿಸಿ ಮತ್ತೆ ಬರೆದೆ.

ಸಂಜೆ ಯಾಕೆ ತಡ ಎಂದರು ಇವರು. ಸ್ಟಾಪಿನಲ್ಲಿ ಕೂತಿದ್ದೆ, ಏಳಲು ಮನಸ್ಸಾಗಲಿಲ್ಲ ಎಂದೆ. ಇವರು ಲಿಫ್ಟ್ ರಿಪೇರಿಯವರು, ಮಾತು ಕಮ್ಮಿ. ಒಂದು ಲೋಟ ನೀರು ತಂದು ಮುಂದಿಟ್ಟರು.

ಫೆಬ್ರವರಿ ೨೩, ಭಾನುವಾರ

ಅತ್ತೆಯ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. “ಅತ್ತೆ, ಡಾಕ್ಟ್ರು ರಜದಲ್ಲಿರ್ಲಿಲ್ಲ. ಹದಿನಾಲ್ಕಕ್ಕೆ ಬನ್ನಿ ಅಂದಿದ್ರು, ನಾನೇ ಮುಂದಕ್ಕೆ ಹಾಕಿಸಿದ್ದು,” ಎಂದೆ.

“ಗೊತ್ತು ಕಣೆ.”

ನನ್ನ ಕೈ ನಿಂತಿತು.

“ಅವರು ಮನೆಗೇ ಫೋನ್ ಮಾಡಿದ್ರು. ಯಾಕಮ್ಮ ಬರಲ್ವಂತೆ ಅಂತ. ನಾನು ಹೂಂ ಅಂದ್ಬಿಟ್ಟೆ.”

“ಮತ್ತೆ ನನ್ನ ಹತ್ರ ದಿನಾ ಕೇಳ್ತಿದ್ರಲ್ಲ, ಏನಾದ್ರೂ ಹೇಳಿದ್ರಾ ಅಂತ?”

“ಕೇಳ್ದೇ ಇದ್ರೆ ನಿಂಗೆ ಅನುಮಾನ ಬರುತ್ತಲ್ಲ. ಕಣ್ಣಿಗೆ ಕತ್ತರಿ ಹಾಕ್ತಾರೆ ಅಂದ್ರೆ ನಂಗೇನು ಹೆದರಿಕೆ ಇಲ್ವಾ? ನೀನು ಮುಂದಕ್ಕೆ ಹಾಕ್ದೆ, ನಾನು ಸುಮ್ನಿದ್ದೆ.” ತಲೆ ಅಲ್ಲಾಡಿಸಿ, “ಉಜ್ಜು, ಎಣ್ಣೆ ಕಿವಿಗಿಳೀತಿದೆ,” ಎಂದರು.

ಮಾರ್ಚ್ ಆರಕ್ಕೆ ದಿನ ತೆಗೆದುಕೊಂಡೆ. ಅತ್ತೆಯ ಎದುರಿಗೇ ಫೋನ್ ಮಾಡಿದೆ.

ಫೆಬ್ರವರಿ ೨೬, ಬುಧವಾರ

ದಿನಾ ಹತ್ತು ಗಂಟೆಗೆ ಐದೂ ಸ್ಟೋರಿನವರಿಗೆ ಫೋನು. ಎಷ್ಟಿದೆ, ಇವತ್ತು ಎಷ್ಟು ಜನ, ನಾಳೆ ಎಷ್ಟು ಜನ. ಸ್ಕ್ರೀನು ಎದುರಿಗೇ ಇರುತ್ತದೆ, ಅವರು ಹೇಳಿದ್ದನ್ನು ಅದರಲ್ಲಿ ತಿದ್ದಿಸುತ್ತೇನೆ. ಈಗ ಸ್ಕ್ರೀನಿನಲ್ಲಿರುವುದು ನಿಜವಾದ ಲೆಕ್ಕ. ಅದು ನಿಜವಾದ ಮೇಲೆ ಕೆಲಸಕ್ಕೆ ಬರುವ ಸಾಮಾನೇ, ಸುಳ್ಳು ಹೇಳಬಾರದು.

ಅಕ್ಕ ಸಂಖ್ಯೆ ಹೇಳಿ ಇಡುತ್ತಾರೆ. ಹೆಚ್ಚಿಗೆ ಒಂದು ಮಾತಿಲ್ಲ. ನಾನೂ ಕೇಳುವುದಿಲ್ಲ. ಮಾಲು ಮುಗಿಯುವ ಭಯ ಒಂದು ಕಡೆ, ಆ ದನಿ ಒಂದು ಕಡೆ. ಮೈಯೆಲ್ಲ ಹಣ್ಣಾಗಿದೆ.

ಫೆಬ್ರವರಿ ೨೮, ಶುಕ್ರವಾರ

ಸಾಹೇಬರು ಕರೆಸಿದರು. ಅರವತ್ತು ಜೋಡಿಯ ಕಾಗದ ಮೇಲಿನವರೆಗೆ ಹೋಗಿದೆ. ಫೋನಿನ ವಿಷಯವೂ ಹೋಗಿದೆ. ಕುರ್ಚಿ ತೋರಿಸಲಿಲ್ಲ. ನಿಂತೇ ಇದ್ದೆ.

“ಏನಮ್ಮಾ ಇದು, ನನ್ನ ಮರ್ಯಾದೆ ಬೀದಿಗೆ ಹಾಕಿದ್ಯಲ್ಲ. ನನ್ನ ಮೂಗಿನ ಕೆಳಗೆ ಹನ್ನೆರಡು ವರ್ಷ!”



ಬಾಗಿಲು ಮುಚ್ಚಿ ಬಂದು ದನಿ ಇಳಿಸಿದರು. ಕೆಟ್ಟವರಲ್ಲ ಅವರು. “ಒಂದು ಕೆಲಸ ಮಾಡು. ಎಣಿಕೆ ತಪ್ಪು ಅಂತ ಬರ್ದುಕೊಡು. ಹೊಸ ಸಿಸ್ಟಮ್, ಮೊದಲ್ನೇ ಎಣಿಕೆ, ಗಡಿಬಿಡಿಯಲ್ಲಿ ಅರವತ್ತು ಬಿಟ್ಟು ಹೋಯ್ತು. ಯಾರೂ ಕೇಳಲ್ಲ. ನಾನೂ ಸಹಿ ಹಾಕ್ತೀನಿ.”

“ಎಣಿಕೆ ತಪ್ಪಿರ್ಲಿಲ್ಲ ಸಾರ್. ಸರಿಯಾಗೇ ಎಣಿಸಿದ್ದೆ.”

“ಅಯ್ಯೋ, ನಂಗೊತ್ತಿಲ್ವಾ? ನಿನ್ನ ಒಳ್ಳೇದಕ್ಕೇ ಹೇಳ್ತಿರೋದು.”

“ತಪ್ಪು ಅಂತ ಬರೆದ್ರೆ ಮುಂದಿನ ಎಣಿಕೇನೂ ಯಾರೂ ನಂಬಲ್ಲ ಸಾರ್.”

ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನಿನಗೇನಾಗಿದೆ?” ಎಂದರು. ಏನಾಗಿದೆಯೋ ನನಗೂ ತಿಳಿಯಲಿಲ್ಲ. ನಿದ್ದೆ ಸಾಲದು, ಅದಕ್ಕೇ ಇರಬೇಕು.

ಮಾರ್ಚ್ ೪, ಮಂಗಳವಾರ

ಮೀಸೆಯವನ ಲಾರಿ ಬಂತು. ತುಂಬಿದ ಲಾರಿ. ಗೇಟಿನಿಂದಲೇ ಹಾರ್ನು ಹೊಡೆದುಕೊಂಡು ಬಂದ. ಹನ್ನೆರಡು ದಿನ. ನಮ್ಮ ಗೋಡೌನಿನಲ್ಲಿ ಉಳಿದಿದ್ದು ಐದು ಜೋಡಿ, ಅಕ್ಕನ ಹತ್ತಿರ ಮೂರು. ಎಕ್ಸ್‌ರೇ ರೂಮಿನಿಂದ ಆಗಲ್ಲಪ್ಪನವರು ಐವತ್ತು ಜೋಡಿ ಕೊಟ್ಟಿದ್ದರು, ತಮ್ಮದೇ ಗಾಡಿಯಲ್ಲಿ ಕಳಿಸಿದರು.

ಐದೂ ಆಸ್ಪತ್ರೆಗಳಲ್ಲಿ ಯಾರನ್ನೂ ವಾಪಸ್ ಕಳಿಸಲಿಲ್ಲ. ಒಬ್ಬರನ್ನೂ.

ಇಷ್ಟು ಬರೆದು ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಖುಷಿಗೆ ಅಲ್ಲ, ಆ ಮೇ ತಿಂಗಳ ಮೂರು ಸೊನ್ನೆ ನೆನಪಾಗಿ.

ಮಾರ್ಚ್ ೬, ಗುರುವಾರ

ಅತ್ತೆಯ ಕಣ್ಣಾಯಿತು. ಇಪ್ಪತ್ತು ನಿಮಿಷ. “ಇಷ್ಟೇನಾ?” ಎಂದರು.

ಮಾರ್ಚ್ ೧೦, ಸೋಮವಾರ

ಆರ್ಡರು ಬಂತು. ಮುಂದಿನ ಸೋಮವಾರದಿಂದ ನಾನು ಗೋಡೌನಿನ ಮೇಲ್ವಿಚಾರಕಿಯಲ್ಲ. ಲಾರಿಯಿಂದ ಮಾಲು ಇಳಿಸಿಕೊಳ್ಳುವ ಕಟ್ಟೆಯಲ್ಲಿ ಕೆಲಸ. ಬೆಳಗ್ಗೆ ಆರೂವರೆಗೆ ಹಾಜರಿರಬೇಕು. ಸಾಹೇಬರು ಕಾಗದ ಕೊಡುವಾಗ ಮುಖ ನೋಡಲಿಲ್ಲ. ಆದರೆ ಇನ್ನೊಂದು ಕಾಗದವೂ ಬಂದಿದೆ: ಪರೀಕ್ಷೆಯಲ್ಲಿರುವ ಮಾಲನ್ನು ಕಾರ್ಖಾನೆಯವರು ‘ಲಭ್ಯ’ ಎಂದು ತೋರಿಸಬಾರದು, ಮತ್ತು ದಿನಕ್ಕೊಮ್ಮೆ ಸ್ಟೋರಿನವರು ಪರಸ್ಪರ ಫೋನಿನಲ್ಲಿ ಮಾತಾಡಿ ಲೆಕ್ಕ ಖಚಿತಪಡಿಸಿಕೊಳ್ಳಬೇಕು. ಕೆಳಗೆ ಸಾಹೇಬರದೇ ಸಹಿ.

ಇವರಿಗೆ ಹೇಳಿದೆ. “ಕಟ್ಟೆ ಮೇಲೆ ಬಿಸಿಲಾ, ನೆರಳಾ?” ಎಂದು ಕೇಳಿದರು. ಮಧ್ಯಾಹ್ನದವರೆಗೆ ನೆರಳು ಎಂದೆ. ಹಾಗಾದರೆ ಪರವಾಗಿಲ್ಲ ಎಂದರು.

ಮಾರ್ಚ್ ೧೨, ಬುಧವಾರ

ರಜೆ ಹಾಕಿದೆ. ಎರಡು ಬಸ್ಸು ಬದಲಿಸಿ ಅಕ್ಕನ ಆಸ್ಪತ್ರೆಗೆ ಹೋದೆ. ಹೋಗುತ್ತೇನೆ ಎಂದು ಹೇಳಿರಲಿಲ್ಲ. ಹೇಳಿದ್ದರೆ ಬೇಡ ಎನ್ನುತ್ತಿದ್ದರೇನೋ.

ಸ್ಟೋರು ನೆಲಮಾಳಿಗೆಯಲ್ಲಿ, ಮೆಟ್ಟಿಲ ಕೆಳಗೆ. ಒಂದು ಬಲ್ಬು, ಒಂದು ಸ್ಟೂಲು, ಗೋಡೆಗೆ ಒತ್ತಿ ನಮ್ಮದೇ ಕ್ಯಾನುಗಳು. ಒಬ್ಬ ಹುಡುಗಿಯಂಥ ಹೆಂಗಸು ನೆಲದ ಮೇಲೆ ಕೂತು ಕೈಗವಸಿನ ಡಬ್ಬಿ ಎಣಿಸುತ್ತಿದ್ದಳು. ಸ್ಟೋರಿನ ಅಕ್ಕ ಎಲ್ಲಿ ಎಂದೆ. “ಹೇಳಿ,” ಎಂದಳು. ಅದೇ ದಪ್ಪ ದನಿ, ಅದೇ ಗೊಗ್ಗರು.

ಮೂವತ್ತೈದು ದಾಟಿರಲಿಕ್ಕಿಲ್ಲ. ಸಣಕಲು ಮೈ, ಕಿವಿಯ ಹಿಂದೆ ಪೆನ್ನು. ನನ್ನ ಕೊನೆಯ ತಂಗಿಗಿಂತ ಚಿಕ್ಕವಳು. ಆ ಮೇ ತಿಂಗಳಲ್ಲಿ ಮೂವತ್ತಮೂರೋ ಏನೋ.

ನಾನು ಯಾರೆಂದು ಹೇಳಿದೆ. ಎದ್ದು ನಿಂತಳು. ಸ್ಟೂಲು ನನ್ನ ಕಡೆ ತಳ್ಳಿದಳು. ನಾನು ಕೂರಲಿಲ್ಲ. ಕೂತರೆ ಹೇಳಲಾಗುವುದಿಲ್ಲ ಎನಿಸಿತು.

“ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲಿ ನೀನು ನಾಲ್ಕು ಸಲ ಫೋನ್ ಮಾಡಿದ್ದೆ,” ಎಂದೆ. ಏಕವಚನ ತಾನಾಗಿ ಬಂತು. “ಇಲ್ಲ ಅಂದೆ. ಇತ್ತು. ಎಂಬತ್ತನಾಲ್ಕು ಜೋಡಿ ಇತ್ತು. ನೀನು ಸ್ಕ್ರೀನಲ್ಲಿ ನೋಡಿರಬಹುದು.”

“ನೋಡಿಲ್ಲ,” ಎಂದಳು. “ಹಳೇದನ್ನ ನಾನು ತೆಗೆದೇ ಇಲ್ಲ. ಯಾಕೆ ನೋಡಬೇಕು? ಆ ವಾರ ನಾನಿಲ್ಲೇ ಇದ್ದೆನಲ್ಲ.”

ಅವಳಿಗೆ ಗೊತ್ತೇ ಇರಲಿಲ್ಲ. ಇಷ್ಟು ದಿನ ಫೋನಿನಲ್ಲಿ ಮಾತಾಡದೆ ಇದ್ದದ್ದು ಬರೀ ನಿಯಮಕ್ಕೆ ಹೆದರಿ, ತನ್ನ ಸುಳ್ಳುಗಳನ್ನು ನಾನು ನೋಡಿಬಿಟ್ಟೆನೆಂಬ ನಾಚಿಕೆಗೆ ಇರಬೇಕು.

“ಎಂಬತ್ತನಾಲ್ಕಾ?” ಎಂದಳು.

“ಹೂಂ.”

ಮೇಲಿನಿಂದ ಯಾರೋ ಔಷಧಿಗೆ ಕೂಗಿದರು. ಹೋಗಿ ಕೊಟ್ಟು ಬಂದಳು. ಬಂದು ಕ್ಯಾನುಗಳಿಗೆ ಬೆನ್ನು ಕೊಟ್ಟು ನಿಂತಳು.

“ಗುರುವಾರ, ಶುಕ್ರವಾರ ಬೇರೆ ಬೇರೆ ಕಡೆಯಿಂದ ಎರಡೆರಡು ಜೋಡಿ ಬೇಡಿಕೊಂಡು ತಂದ್ವಿ. ಎಲ್ಲರಿಗೂ ನಾಲ್ಕು ತಾಸಿನ ಬದಲು ಎರಡೇ ತಾಸು. ಶನಿವಾರ ಅದೂ ಇಲ್ಲ. ಏಳು ಜನಾನ ನಾನೇ ಗೇಟಿಗೆ ಹೋಗಿ ವಾಪಸ್ ಕಳಿಸಿದೆ. ಅದರಲ್ಲಿ ಒಬ್ರು ಗಡಿಯಾರ ರಿಪೇರಿಯವರು. ನಮ್ಮ ವಾರ್ಡಿನ ಗಡಿಯಾರ ಅವರೇ ನೋಡ್ಕೊಳ್ತಿದ್ರು. ಸೋಮವಾರ ಬನ್ನಿ ಅಂದೆ. ಆಯ್ತಮ್ಮ ಅಂದ್ರು. ಭಾನುವಾರ ಹೋಗಿಬಿಟ್ರು.”

ಸ್ಟೂಲಿನ ಮೇಲೆ ಕೂತೆ.

“ಅದರಿಂದಾನೇ ಅಂತ ಡಾಕ್ಟ್ರು ಹೇಳ್ಲಿಲ್ಲ. ಅಲ್ಲ ಅಂತಾನೂ ಹೇಳ್ಲಿಲ್ಲ.” ಕಿವಿಯ ಹಿಂದಿನ ಪೆನ್ನು ತೆಗೆದು ಮತ್ತೆ ಸಿಕ್ಕಿಸಿದಳು. “ನಾನು ಅದಕ್ಕೆ ಮುಂಚೆ ಎಷ್ಟು ಸಲ ಖಾಲಿ ಅಂತ ಸುಳ್ಳು ಹೇಳಿದ್ದೆ ಅಂತ ನಂಗೊತ್ತಿದೆ. ನೀವು ನಕ್ಕಿದ್ದು ಯಾಕೆ ಅಂತಾನೂ ಗೊತ್ತಿದೆ. ಎರಡು ವರ್ಷದಿಂದ ನನ್ನ ತಪ್ಪು ಅಂತಾನೇ ಅಂದ್ಕೊಂಡಿದ್ದೀನಿ.”

“ನಿನ್ನದೊಬ್ಬಳದಲ್ಲ,” ಎಂದೆ.

“ಹೌದು,” ಎಂದಳು. “ಒಬ್ಬಳದಲ್ಲ.” ಸಮಾಧಾನದ ಮಾತಾಗಿರಲಿಲ್ಲ ಅದು. ಕ್ಷಮಿಸಿದೆ ಎನ್ನಲಿಲ್ಲ, ನಾನು ಕೇಳಲೂ ಇಲ್ಲ.

ಆಮೇಲೆ, “ವಾರ್ಡು ನೋಡಿದ್ದೀರಾ?” ಎಂದಳು.

ಹತ್ತೊಂ‌ಬತ್ತು ವರ್ಷದಲ್ಲಿ ನೋಡಿರಲಿಲ್ಲ. ನಮ್ಮ ಕೆಲಸ ಲಾರಿಯ ಬಾಗಿಲು ಮುಚ್ಚುವವರೆಗೆ.

ಆರು ಕುರ್ಚಿ, ಆರು ಯಂತ್ರ. ಪ್ರತಿ ಯಂತ್ರದ ಬುಡದಲ್ಲಿ ಕೆಂಪು ಮುಚ್ಚಳದ್ದೊಂದು, ನೀಲಿ ಮುಚ್ಚಳದ್ದೊಂದು. ಮುಚ್ಚಳ ತೆಗೆದು ಒಳಗೆ ಕೊಳವೆ ಇಳಿಬಿಟ್ಟಿದ್ದರು. ದೊಡ್ಡ ಸದ್ದೇನೂ ಇಲ್ಲ. ಒಬ್ಬಾಕೆ ಕಣ್ಣು ಮುಚ್ಚಿದ್ದಳು, ಒಬ್ಬ ಪೇಪರು ಓದುತ್ತಿದ್ದ. ಕಿಟಕಿಯ ಹತ್ತಿರದ ಮುದುಕಿ ನನ್ನನ್ನು ನೋಡಿ, “ಯಾರೇ ಇವರು?” ಎಂದಳು.

“ಗೋಡೌನಿನವರು, ಕ್ಯಾನು ಕಳಿಸೋರು,” ಎಂದಳು ನನ್ನ ಜೊತೆಗಿದ್ದವಳು.

“ಹೌದೇನಮ್ಮಾ,” ಎಂದು ಮುದುಕಿ ಕ್ಯಾನಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ನಮ್ಮಿಬ್ಬರ ಹೋಲಿಕೆ ಹುಡುಕುವ ಹಾಗೆ. ಆಮೇಲೆ, “ಆ ಹೊದಿಕೆ ಸ್ವಲ್ಪ ಕಾಲ ಮೇಲೆ ಎಳೀತೀಯಾ? ಇದು ಓಡುವಾಗ ಚಳಿ ಹತ್ತುತ್ತೆ. ನಂಗೆ ಬಗ್ಗೋಕಾಗಲ್ಲ, ಕೈಗೆ ಸೂಜಿ ಹಾಕಿದ್ದಾರೆ,” ಎಂದಳು.

ಎಳೆದೆ. ಪಾದ ಐಸಿನ ಹಾಗಿತ್ತು. ಎರಡು ಕೈಯಲ್ಲಿ ಹಿಡಿದುಕೊಂಡು ಉಜ್ಜಿದೆ. ಒಂದು ಬೆಚ್ಚಗಾಗುವಷ್ಟರಲ್ಲಿ ಇನ್ನೊಂದು ತಣ್ಣಗಾಗುತ್ತಿತ್ತು.

“ಇನ್ನೆಷ್ಟು ಹೊತ್ತಿದೆ?” ಎಂದು ಕೇಳಿದೆ.

“ಈಗಷ್ಟೇ ಶುರುವಾಗಿದೆ,” ಎಂದಳು ಮುದುಕಿ. “ಇನ್ನೂ ಮೂರೂವರೆ ತಾಸು. ನಿಂಗೆ ಬಸ್ಸಿಗೆ ತಡವಾಗುತ್ತೇನೋ, ಹೋಗು.”

ನನ್ನ ಪಕ್ಕದಲ್ಲಿ ಯಾರೋ ಸ್ಟೂಲು ತಂದಿಟ್ಟ ಸದ್ದಾಯಿತು. ತಿರುಗಿ ನೋಡಿದರೆ ಸ್ಟೋರಿನವಳು ಆಗಲೇ ಮೆಟ್ಟಿಲಿಳಿದು ಹೋಗುತ್ತಿದ್ದಳು.

ಬಸ್ಸು ಇದೆ, ಹೋಗಲು ಮನಸ್ಸಿಲ್ಲ ಎಂದೆ. ಪೂರ್ತಿ ಮೂರೂವರೆ ತಾಸು ಅಲ್ಲೇ ಕೂತೆ.